ಸೂಜಿಗಲ್ಲಿಗೆ ಸಿಕ್ಕಿದ ಬಿಳಿಕಣ

ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಭತ್ತ ಸುಲಿಯುವ ಯಂತ್ರಕ್ಕೆ ಬೀಳುವ ಮುಂಚೆ ಒಂದು ಓರೆ ತಗಡಿನ ಮೇಲೆ ಜಾರಿ ಬರುತ್ತದೆ. ತಗಡಿನ ಕೊನೆಯಲ್ಲಿ ಕೈಯಗಲದ ಮ್ಯಾಗ್ನೆಟ್ ಕೂರಿಸಿದ್ದಾರೆ. ಸೋನಾ ಮಸೂರಿ ಕಾಳು ಅದರ ಮೇಲೆ ಸರಸರನೆ ಹರಿದು ಹೋಗುತ್ತದೆ. ಕಾಳಿನ ನಡುವೆ ಅಡಗಿ ಬಂದ ಮೊಳೆ, ಕಟಾವು ಯಂತ್ರದಿಂದ ಕಳಚಿದ ವಾಷರ್, ತಂತಿಯ ಚೂರು ಮಾತ್ರ ಅಲ್ಲೇ ನಿಂತುಬಿಡುತ್ತವೆ. ಪರಿಚಯದ ಮಿಲ್ಲೊಂದರಲ್ಲಿ ಮೇಸ್ತ್ರಿ ಆ ಮ್ಯಾಗ್ನೆಟ್ಟನ್ನು ಹಳೇ ಟವೆಲಿನಿಂದ ಒರೆಸುತ್ತಿದ್ದರು. ಟವೆಲಿಗೆ ಬಂದ ಮೊಳೆಗಳನ್ನು ಅಂಗೈಗೆ ಸುರುವಿಕೊಂಡು ತೋರಿಸಿದರು. ಮ್ಯಾಗ್ನೆಟ್ ಬಿಟ್ಟು ಬಂದ ಮೇಲೂ ಅವು ಒಂದಕ್ಕೊಂದು ತಗಲಿಕೊಂಡು ಜೋತಾಡುತ್ತಿದ್ದವು.

"ಇದರಾಗೆ ಒಂದು ಒಳಗೆ ಹೋದ್ರೂ ರಬ್ಬರ್ ರೋಲು ಹಾಳಾಗ್ತೈತೆ ಸಾರ್" ಎಂದರು. "ಇದು ಕಬ್ಬಿಣ ಬಿಡಂಗಿಲ್ಲ, ಭತ್ತ ಮುಟ್ಟಂಗಿಲ್ಲ."

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮನುಷ್ಯನ ರಕ್ತದಿಂದ ಬೇಕಾದ ರೋಗನಿರೋಧಕ ಕೋಶವನ್ನಷ್ಟೇ ಹಿಡಿದು, ಉಳಿದದ್ದನ್ನು ಮುಟ್ಟದೆ ಹರಿಯಬಿಡುವ ಸೂಜಿಗಲ್ಲೊಂದು ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದೆ. ಅದನ್ನು ಕಂಡುಹಿಡಿದ ಕತೆ ಒಂದೂವರೆ ಶತಮಾನದಷ್ಟು ಉದ್ದ. ನನ್ನ ಮಟ್ಟಿಗೆ ಆ ಕತೆ ಶುರುವಾಗುವುದು ನಮ್ಮೂರ ಸುತ್ತಲಿನ ಮೂರು ಸಂಗತಿಗಳಿಂದ.

ಕುರುಗೋಡು ನನ್ನ ತಾಯಿಯ ತವರು. ದೊಡ್ಡ ಬಸವೇಶ್ವರನ ಜಾತ್ರೆಗೆ ಹೋದಾಗ ಒಂದು ವರ್ಷ ಸೋದರಮಾವ ಲಾಳದಾಕಾರದ, ಕೆಂಪು ಬಣ್ಣ ಬಳಿದ ಮ್ಯಾಗ್ನೆಟ್ ಕೊಡಿಸಿದರು. ಅದಕ್ಕೆ ದಾರ ಕಟ್ಟಿ ಬೆಟ್ಟದ ಬುಡದ ಹಳ್ಳದ ಮರಳಿನಲ್ಲಿ ಎಳೆದೆ. ಎತ್ತಿ ನೋಡಿದರೆ ತುದಿಗಳಿಗೆ ಕರಿ ಮೀಸೆ ಮೂಡಿತ್ತು. ಅಲ್ಲಿನ ಬಂಡೆಗಲ್ಲು ಸವೆದು ಮರಳಾದಾಗ ಅದರೊಳಗಿನ ಮ್ಯಾಗ್ನೆಟೈಟ್ ಕಾಳು ಉಳಿದುಕೊಳ್ಳುತ್ತದೆ. ಆ ಕರಿ ಮರಳು ಅದೇ. ಇದು ಮೊದಲನೆಯದು.

ಎರಡನೆಯದು ಬಳ್ಳಾರಿಯಲ್ಲಿ. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳಿಂದ ರಸ್ತೆ ಬದಿಗೆ ಉದುರಿದ ಕೆಂಪು-ಕಪ್ಪು ಹೆಂಟೆಗಳನ್ನು ನಾವು ಹುಡುಗರು ಆಯುತ್ತಿದ್ದೆವು. ಕೈಯಲ್ಲಿ ಹಿಡಿದರೆ ಕಲ್ಲಿಗಿಂತ ಎಷ್ಟೋ ಭಾರ, ಬೆರಳೆಲ್ಲ ಕೆಂಪು. ಇಷ್ಟು ಕಬ್ಬಿಣ ಇರುವ ಕಲ್ಲು ಮ್ಯಾಗ್ನೆಟ್ಟಿಗೆ ಹಾರಿ ಅಂಟಬೇಕು ಎಂದುಕೊಂಡರೆ ಅದು ಮಿಸುಕಲಿಲ್ಲ. ಉಕ್ಕಾಗಿ ಜಗತ್ತೆಲ್ಲ ತಿರುಗುವ ಅದಿರಿಗಿಂತ ಹಳ್ಳದ ಮರಳೇ ಮೇಲಾಯಿತಲ್ಲ ಎಂದು ನನಗೆ ಬೇಜಾರಾಗಿತ್ತು.

ಮೂರನೆಯದು ಸಿರುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು, ವರ್ಷವಿಡೀ ಹಸಿಯಾದ ಗದ್ದೆ, ಸಂಜೆಯಾದರೆ ಸೊಳ್ಳೆ. ಮನೆಯಲ್ಲಿ ಯಾರಿಗಾದರೂ ನಡುಕದ ಜ್ವರ ಬಂದರೆ ಆರೋಗ್ಯ ಇಲಾಖೆಯವರು ಬಂದು ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು, ಕಹಿ ಮಾತ್ರೆ ಕೊಟ್ಟು ಹೋಗುತ್ತಿದ್ದರು. ರಕ್ತದಲ್ಲಿ ಕಬ್ಬಿಣ ಇದೆ ಎಂದು ಮೇಷ್ಟ್ರು ಹೇಳಿದ್ದರು. ಚುಚ್ಚಿದ ಬೆರಳಲ್ಲಿ ಉಳಿದ ಹನಿಗೆ ನನ್ನ ಕೆಂಪು ಮ್ಯಾಗ್ನೆಟ್ ಹಿಡಿದೆ. ಹನಿ ಕದಲಲಿಲ್ಲ.

ಮರಳು ಅಂಟಿತು, ಅದಿರು ಅಂಟಲಿಲ್ಲ, ರಕ್ತ ಅಂಟಲಿಲ್ಲ. ಕೊನೆಯ ಎರಡಕ್ಕೂ ಉತ್ತರ ಒಂದೇ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ರಕ್ತಕ್ಕೆ ಸೂಜಿಗಲ್ಲು ಹಿಡಿದವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬ. 1845ರ ಕೊನೆಯ ತಿಂಗಳುಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆತ ದೊಡ್ಡ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಕೈಗೆ ಸಿಕ್ಕ ವಸ್ತುವನ್ನೆಲ್ಲ ದಾರದಲ್ಲಿ ತೂಗುಬಿಟ್ಟ: ಗಾಜು, ಮರ, ಸೇಬು, ರೊಟ್ಟಿ, ಮಾಂಸ. ಅವೆಲ್ಲ ಧ್ರುವಗಳತ್ತ ತಿರುಗದೆ ಅಡ್ಡಡ್ಡ ನಿಂತವು. ಅಂದರೆ ಸೂಜಿಗಲ್ಲು ಅವನ್ನು ಸೆಳೆಯುವ ಬದಲು ಬಹಳ ಮೆಲ್ಲಗೆ ದೂಡುತ್ತಿತ್ತು. ಈ ಗುಣಕ್ಕೆ ಆತ ಡಯಾಮ್ಯಾಗ್ನೆಟಿಸಂ ಎಂದು ಹೆಸರಿಟ್ಟ. ಕನ್ನಡದಲ್ಲಿ ಪ್ರತಿಕಾಂತತೆ ಎನ್ನಬಹುದು. ಒಣಗಿದ ರಕ್ತವೂ ಅಡ್ಡ ನಿಂತವರ ಸಾಲಿಗೇ ಸೇರಿತು. ಕಬ್ಬಿಣ ಇರುವ ರಕ್ತ ಹೀಗೆ ಮಾಡಿದ್ದು ಆತನಿಗೆ ಅಚ್ಚರಿಯಾಗಿರಬೇಕು. ಹಸಿ ರಕ್ತವನ್ನೂ ಪರೀಕ್ಷಿಸಬೇಕು ಎಂದು ದಿನಚರಿಯಲ್ಲಿ ಗುರುತು ಹಾಕಿಕೊಂಡ.

ಆ ಬಾಕಿ ಕೆಲಸ ತೊಂಬತ್ತು ವರ್ಷ ಹಾಗೆಯೇ ಉಳಿಯಿತು. 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ ದನದ ರಕ್ತವನ್ನು ಗಾಜಿನ ನಳಿಕೆಗೆ ತುಂಬಿ, ತಕ್ಕಡಿಗೆ ಜೋತುಬಿಟ್ಟು, ಸೂಜಿಗಲ್ಲಿನ ಧ್ರುವಗಳ ನಡುವೆ ತೂಗಿದರು. ಸೆಳೆದರೆ ತೂಕ ಹೆಚ್ಚು ತೋರುತ್ತದೆ, ದೂಡಿದರೆ ಕಡಿಮೆ. ಆಮ್ಲಜನಕ ಹೊತ್ತ ರಕ್ತವನ್ನು ಸೂಜಿಗಲ್ಲು ದೂಡಿತು, ಆಮ್ಲಜನಕ ಕಳೆದುಕೊಂಡ ರಕ್ತವನ್ನು ಸೆಳೆಯಿತು. ಹಿಮೋಗ್ಲೋಬಿನ್ನಿನ ಪ್ರತಿ ಕಬ್ಬಿಣದ ಪರಮಾಣುವಿನಲ್ಲಿ ಜೊತೆಯಿಲ್ಲದ 4 ಎಲೆಕ್ಟ್ರಾನ್‌ಗಳಿರುತ್ತವೆ. ಆಮ್ಲಜನಕದ ಅಣುವಿನಲ್ಲೂ ಜೊತೆಯಿಲ್ಲದ 2 ಇರುತ್ತವೆ. ಇವೆರಡೂ ಕೂಡಿದ ಕ್ಷಣ ಒಂಟಿ ಎಲೆಕ್ಟ್ರಾನ್‌ಗಳ ಗುರುತೇ ಅಳಿಸಿಹೋಗುತ್ತದೆ. ಸೆಳೆಯಲ್ಪಡುವ ಎರಡು ವಸ್ತುಗಳು ಸೇರಿ ದೂಡಲ್ಪಡುವ ಒಂದು ವಸ್ತುವಾಗುವ ಈ ಸಂಗತಿ ನನಗೆ ಇಂದಿಗೂ ಮೈ ನವಿರೇಳಿಸುತ್ತದೆ. ನಮ್ಮ ಪ್ರತಿ ಉಸಿರಿನಲ್ಲೂ ಅದು ನಡೆಯುತ್ತಿದೆ.

ಅಂತೂ ಸೆಳೆತ ಇದೆ ಎಂದು ಗೊತ್ತಾಯಿತು, ಆದರೆ ಅದು ತೀರ ಬಡಸೆಳೆತ. ಆ ಬಡಸೆಳೆತದಿಂದ ಒಂದು ಕೆಲಸವಾದದ್ದು ಮಲೇರಿಯಾದ ದಾರಿಯಲ್ಲಿ. ಮಲೇರಿಯಾದ ಪರಾವಲಂಬಿ ಕೆಂಪು ರಕ್ತಕಣದ ಒಳಹೊಕ್ಕು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದ ಮೇಲೆ ಉಳಿಯುವ ಕಬ್ಬಿಣದ ಭಾಗ ಅದಕ್ಕೆ ವಿಷ. ಹಾಗಾಗಿ ಅದನ್ನು ಕರಿ ಹರಳುಗಳಾಗಿ ಕಟ್ಟಿ ಮೂಲೆಗಿಡುತ್ತದೆ. ಆ ಹರಳಿನ ಹೆಸರು ಹಿಮೋಜಾಯಿನ್. 1880ರಲ್ಲಿ ಅಲ್ಜೀರಿಯಾದಲ್ಲಿ ಲಾವೆರಾನ್ ಪರಾವಲಂಬಿಯನ್ನು ಗುರುತಿಸಿದ್ದು ಈ ಕರಿ ಕಣಗಳ ಜಾಡು ಹಿಡಿದೇ. ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಕಂಡದ್ದೂ ಇದೇ ಕರಿ ಚುಕ್ಕೆಗಳನ್ನು. ಆ ಚುಕ್ಕೆಗಳಿಲ್ಲದಿದ್ದರೆ ಸೊಳ್ಳೆಯ ಹೊಟ್ಟೆಯ ಸಾವಿರ ಕೋಶಗಳ ನಡುವೆ ಪರಾವಲಂಬಿ ಆತನ ಕಣ್ಣಿಗೆ ಬೀಳುತ್ತಿರಲಿಲ್ಲ. ಈ ಹರಳಿನ ಕಬ್ಬಿಣದಲ್ಲಿ ಒಂಟಿ ಎಲೆಕ್ಟ್ರಾನ್‌ಗಳು ಹೇರಳ, ಅವುಗಳನ್ನು ಅಳಿಸುವ ಆಮ್ಲಜನಕ ಅಲ್ಲಿಲ್ಲ. ಹಾಗಾಗಿ ಮಲೇರಿಯಾ ಹೊಕ್ಕ ರಕ್ತಕಣ ಆರೋಗ್ಯದ ಕಣಕ್ಕಿಂತ ಸೂಜಿಗಲ್ಲಿಗೆ ಹೆಚ್ಚು ಒಲಿಯುತ್ತದೆ. ಪ್ರತಿರಕ್ಷಾ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮೈಕೆಲ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು 1946ರಲ್ಲಿ ಬಲವಾದ ವಿದ್ಯುತ್ಕಾಂತ ಬಳಸಿ ಇಂಥ ಕಣಗಳನ್ನು ಬೇರ್ಪಡಿಸಿದರು. ಕರಿ ಹರಳು ತುಂಬಿದ ಕಸವನ್ನು ನುಂಗುವ ಬಿಳಿ ರಕ್ತಕಣಗಳೂ ಸೂಜಿಗಲ್ಲಿನತ್ತ ವಾಲುತ್ತವೆ. ರೋಗನಿರೋಧಕ ಕೋಶವೊಂದು ಹೊರಗಿನವರ ಸಹಾಯವಿಲ್ಲದೆ ಸೂಜಿಗಲ್ಲಿಗೆ ಸಿಗುವ ಅಪರೂಪದ ಸಂದರ್ಭ ಅದು.

ಮುಂದಿನ ಹೆಜ್ಜೆ ಬಂದದ್ದು ಮಣ್ಣಿನಿಂದ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಇಡೀ ಆವಿಷ್ಕಾರದ ಗುಟ್ಟು ಇಲ್ಲಿದೆ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕೆಯೊಲಿನ್ ಎಂಬ ಬಿಳಿ ಜೇಡಿಮಣ್ಣು ಸಿಗುತ್ತದೆ. ಕಾಗದಕ್ಕೆ ನುಣುಪು ಕೊಡಲು ಅದು ಬೇಕು. ಆದರೆ ಅದರಲ್ಲಿ ಕಬ್ಬಿಣ, ಟೈಟಾನಿಯಂ ಬೆರೆತ ಅತಿ ಸಣ್ಣ ಕಣಗಳಿದ್ದು ಮಣ್ಣಿಗೆ ಹಳದಿ ಛಾಯೆ ತರುತ್ತಿದ್ದವು. ಸಾಧಾರಣ ಸೂಜಿಗಲ್ಲಿಗೆ ಅವು ಸಿಗುತ್ತಿರಲಿಲ್ಲ. ಎಂಥ ದೈತ್ಯ ಸೂಜಿಗಲ್ಲು ತಂದರೂ ಸಾಲದು, ಏಕೆಂದರೆ ಕೊರತೆಯಿದ್ದದ್ದು ಬಲದ ಪ್ರಮಾಣದಲ್ಲಷ್ಟೇ ಅಲ್ಲ.

ನಮ್ಮ ಕಾಲುವೆ ಪ್ರದೇಶದ ರೈತರಿಗೆ ಇದನ್ನು ಹೇಳುವುದು ಸುಲಭ. ಡ್ಯಾಮಿನಲ್ಲಿ ಎಷ್ಟೇ ನೀರಿರಲಿ, ಕಾಲುವೆಗೆ ಇಳಿಜಾರು ಇಲ್ಲದಿದ್ದರೆ ನೀರು ಕೊನೆಯ ಗದ್ದೆಗೆ ತಲುಪುವುದಿಲ್ಲ. ಸೂಜಿಗಲ್ಲಿನ ಸೆಳೆತವೂ ಹಾಗೆಯೇ. ಕಾಂತಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇದ್ದರೆ, ಅದು ಎಷ್ಟೇ ಬಲವಾಗಿರಲಿ, ಕಣ ತನ್ನ ಜಾಗದಲ್ಲಿ ಸುಮ್ಮನೆ ನಿಂತಿರುತ್ತದೆ. ಒಂದು ಕಡೆ ಕಡಿಮೆ, ಪಕ್ಕದಲ್ಲೇ ಹೆಚ್ಚು ಎಂಬ ಇಳಿಜಾರು ಇದ್ದಾಗ ಮಾತ್ರ ಕಣ ಹೆಚ್ಚಿನ ಕಡೆಗೆ ಜಾರುತ್ತದೆ. ಇಳಿಜಾರು ಕಡಿದಾದಷ್ಟೂ ಎಳೆತ ಜೋರು.

ಕಡಿದಾದ ಇಳಿಜಾರು ಎಲ್ಲಿ ಸಿಗುತ್ತದೆ? ಚೂಪಾದ ಅಂಚಿನಲ್ಲಿ, ಸಣ್ಣ ತಂತಿಯ ಮೈಯಲ್ಲಿ. 1960ರ ದಶಕದ ಕೊನೆಯಿಂದ ಎಂಐಟಿಯ ಹೆನ್ರಿ ಕೋಲ್ಮ್ ಮತ್ತು ಆಗಿನ ಕೆಲವು ಎಂಜಿನಿಯರುಗಳು ಮಾಡಿದ್ದು ಇಷ್ಟು: ಪಾತ್ರೆ ತಿಕ್ಕುವ ಉಕ್ಕಿನ ನಾರಿನಂಥದ್ದನ್ನು ಒಂದು ಡಬ್ಬಿಗೆ ತುರುಕಿದರು, ಡಬ್ಬಿಯನ್ನು ದೊಡ್ಡ ವಿದ್ಯುತ್ಕಾಂತದ ಹೊಟ್ಟೆಯೊಳಗೆ ಇಟ್ಟರು, ಮಣ್ಣು ಕದಡಿದ ನೀರನ್ನು ಅದರ ಮೂಲಕ ಹಾಯಿಸಿದರು. ನಾರಿನ ಪ್ರತಿ ಎಳೆಯೂ ಒಂದು ಪುಟ್ಟ ಸೂಜಿಗಲ್ಲಾಯಿತು. ಎಳೆಯ ಪಕ್ಕದ ಕೂದಲೆಳೆಯಷ್ಟು ಜಾಗದಲ್ಲಿ ಕಾಂತಬಲ ಬೆಟ್ಟದಿಂದ ಕಣಿವೆಗೆ ಇಳಿದಂತೆ ಇಳಿಯುತ್ತಿತ್ತು. ಅಲ್ಲಿಗೆ ಬಂದ ಕಲೆಯ ಕಣ ಎಳೆಗೆ ಅಂಟಿತು, ಬಿಳಿ ಮಣ್ಣು ಹರಿದು ಹೊರಬಂತು. ವಿದ್ಯುತ್ ಆರಿಸಿ ನೀರು ಬಿಟ್ಟರೆ ಕಲೆಯೂ ತೊಳೆದು ಹೋಗುತ್ತಿತ್ತು.

ರಸ್ತೆ ಬದಿಯ ಆ ಹೆಂಟೆಯ ಒಗಟು ಬಿಡಿಸಿದ್ದೂ ಇದೇ ತತ್ವ. ಸಂಡೂರಿನ ಗುಡ್ಡಗಳ ಅದಿರು ಬಹುಪಾಲು ಹೆಮಟೈಟ್. ಹೆಚ್ಚುಕಡಿಮೆ ಮ್ಯಾಗ್ನೆಟೈಟಿನಷ್ಟೇ ಅದರಲ್ಲೂ ಕಬ್ಬಿಣ ತುಂಬಿದೆ, ಆದರೆ ಪರಮಾಣುಗಳ ಕಾಂತಗುಣ ಒಂದನ್ನೊಂದು ಹೊಡೆದುಹಾಕುವ ಹಾಗೆ ಜೋಡಣೆಯಾಗಿದೆ. ಹೊರಗೆ ಉಳಿಯುವುದು ಬಡಸೆಳೆತ. ಮಣ್ಣು ಬೆರೆತ ಕಳಪೆ ಹೆಮಟೈಟ್ ಅದಿರನ್ನು ಪುಡಿ ಮಾಡಿ, ನೀರಲ್ಲಿ ಕದಡಿ, ಕಡಿದಾದ ಇಳಿಜಾರಿನ ಕಾಂತಯಂತ್ರದಲ್ಲಿ ಹಾಯಿಸಿದರೆ ಅದೂ ಸಿಕ್ಕಿಬೀಳುತ್ತದೆ. ಇಂಥ ಯಂತ್ರಗಳು ಇಂದು ಅದಿರು ಶುದ್ಧಿ ಮಾಡುವ ಉದ್ಯಮದ ಸಾಮಾನ್ಯ ಉಪಕರಣ.

ಅದಿರಾದರೆ ರಕ್ತ ಯಾಕಾಗಬಾರದು? ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡೆರೆಕ್ ಮೆಲ್ವಿಲ್ ಮತ್ತು ರಕ್ತವೈದ್ಯ ಸ್ಟುವರ್ಟ್ ರೋತ್ ಮತ್ತೊಬ್ಬ ಸಹೋದ್ಯೋಗಿ ಪಾಲ್ ಜೊತೆ ಸೇರಿ ಅದನ್ನೇ ಮಾಡಿದರು. ಆಮ್ಲಜನಕ ತೆಗೆದ ರಕ್ತವನ್ನು ಸಣ್ಣ ತಂತಿಗಳ ನಡುವೆ ಹಾಯಿಸಿದಾಗ ಕೆಂಪು ಕಣಗಳು ತಂತಿಗೆ ಅಂಟಿದವು. 1975ರಲ್ಲಿ ನೇಚರ್ ಪತ್ರಿಕೆ ಇದನ್ನು ಪ್ರಕಟಿಸಿತು. 1981ರಲ್ಲಿ ಅದೇ ಗುಂಪು ಇತರರೊಡನೆ ಸೇರಿ ಮಲೇರಿಯಾ ಹೊಕ್ಕ ಕಣಗಳನ್ನು ರಕ್ತದಿಂದ ಹೆಕ್ಕಿ ತೆಗೆದ ವಿಷಯ ಲ್ಯಾನ್ಸೆಟ್‌ನಲ್ಲಿ ಬಂತು. ಆಮ್ಲಜನಕ ತೆಗೆದಿದ್ದರೆ ನಮ್ಮ ಪಡಸಾಲೆಯಲ್ಲಿ ಕದಲದೆ ಕೂತ ಹನಿಯೂ ಕದಲಬಹುದಿತ್ತು. ನನ್ನ ಕೈಯಲ್ಲಿದ್ದ ಸೂಜಿಗಲ್ಲು ಸಣ್ಣದಾಗಿತ್ತು ಎನ್ನುವುದಕ್ಕಿಂತ ಅದಕ್ಕೆ ನಾರು ಇರಲಿಲ್ಲ ಎನ್ನುವುದು ಸರಿ.

ಇಷ್ಟಾದರೂ ರೋಗದ ವಿರುದ್ಧ ಹೋರಾಡುವ ಬಿಳಿಕಣ ಕೈಗೆ ಸಿಕ್ಕಿರಲಿಲ್ಲ. ಅದರೊಳಗೆ ಹಿಮೋಗ್ಲೋಬಿನ್ ಇಲ್ಲ. ಬಹುಪಾಲು ನೀರೇ ಆದ ಅದನ್ನು ಸೂಜಿಗಲ್ಲು ಫ್ಯಾರಡೆಯ ಸೇಬಿನ ಹಾಗೆ ದೂಡುತ್ತದೆ, ಅದೂ ಲೆಕ್ಕಕ್ಕೆ ಬಾರದಷ್ಟು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪು ಕಣ 40ರಿಂದ 50 ಲಕ್ಷ, ಬಿಳಿಕಣ 4ರಿಂದ 11 ಸಾವಿರ. ಆ ಬಿಳಿಯರಲ್ಲೂ ಹತ್ತಾರು ಪಂಗಡ. ಸೂಕ್ಷ್ಮದರ್ಶಕದಲ್ಲಿ ಸಹಾಯಕ ಟಿ ಕೋಶ, ಕೊಲ್ಲುವ ಟಿ ಕೋಶ, ಬಿ ಕೋಶ ಮೂರೂ ಒಂದೇ ಗುಂಡನೆಯ ಕಾಳು. ವ್ಯತ್ಯಾಸ ಇರುವುದು ಮೈಮೇಲಿನ ಪ್ರೋಟೀನುಗಳಲ್ಲಿ.

ಅದನ್ನು ಓದುವ ಕೈ ಸಿಕ್ಕಿದ್ದೂ 1975ರಲ್ಲೇ. ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಯುವ ವಿಧಾನ ಕಂಡುಕೊಂಡರು. 1984ರಲ್ಲಿ ಇದಕ್ಕೆ ನೊಬೆಲ್ ಬಂತು. ಒಂದು ಪ್ರತಿಕಾಯ ಒಂದೇ ಪ್ರೋಟೀನನ್ನು ಗುರುತು ಹಿಡಿದು ಅಂಟಿಕೊಳ್ಳುತ್ತದೆ. ಇನ್ನುಳಿದದ್ದು ಆ ಪ್ರತಿಕಾಯದ ಬಾಲಕ್ಕೆ ಕಬ್ಬಿಣ ಕಟ್ಟುವುದು. ಬಿಳಿಕಣಕ್ಕೆ ತನ್ನದೇ ಆದ ಸೆಳೆತ ಇಲ್ಲದಿದ್ದರೆ ನಾವೇ ಅದಕ್ಕೊಂದು ಸೆಳೆತ ತೊಡಿಸಬೇಕು.

ಇದನ್ನು ಹಲವರು ಹಲವು ಕಡೆ ಹೊಳೆಯಿಸಿಕೊಂಡರು. ರಾಬರ್ಟ್ ಮೋಲ್‌ಡೇ ಮತ್ತು ಸಹೋದ್ಯೋಗಿಗಳು 1977ರಲ್ಲೇ ಕಾಂತಗುಣದ ಸಣ್ಣ ಗೋಲಿಗಳಿಂದ ಕೋಶ ಬೇರ್ಪಡಿಸಿದ್ದರು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಜಾನ್ ಉಗೆಲ್‌ಸ್ಟಾಡ್ ಎಂಬ ರಸಾಯನಶಾಸ್ತ್ರಜ್ಞ ಎಲ್ಲವೂ ಒಂದೇ ಗಾತ್ರದ ಪ್ಲಾಸ್ಟಿಕ್ ಗೋಲಿಗಳನ್ನು ಮಾಡುವುದನ್ನು ಕಲಿತಿದ್ದ. ಅಷ್ಟು ಸಮನಾದ ಗೋಲಿಗಳಿಗೆ ತೂಕವಿಲ್ಲದ ಅಂತರಿಕ್ಷವೇ ಬೇಕು ಎಂದು ಆಗ ನಂಬಿದ್ದವರಿದ್ದರು. ಆತ ಗೋಲಿಯೊಳಗೆ ಕಬ್ಬಿಣದ ಆಕ್ಸೈಡ್ ತುಂಬಿದ. ಆ ಗೋಲಿಗಳನ್ನು ಲಂಡನ್ನಿನಲ್ಲಿ ಜಾನ್ ಕೆಮ್‌ಸ್‌ಹೆಡ್ ಗುಂಪು ಬಳಸಿದ್ದು ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಆದ ಮಕ್ಕಳಿಗೆ. ಮಗುವಿನ ಮೂಳೆಮಜ್ಜೆ ತೆಗೆದು, ಅದರಲ್ಲಿ ಅವಿತ ಕ್ಯಾನ್ಸರ್ ಕೋಶಗಳಿಗೆ ಪ್ರತಿಕಾಯದ ಮೂಲಕ ಗೋಲಿ ಅಂಟಿಸಿ, ಸೂಜಿಗಲ್ಲಿನಿಂದ ಹೊರಗೆಳೆದು, ಶುದ್ಧವಾದ ಮಜ್ಜೆಯನ್ನು ಮರಳಿ ಮಗುವಿಗೇ ಕೊಡುವ ದಾರಿ. 1984ರ ಲ್ಯಾನ್ಸೆಟ್‌ನಲ್ಲಿ ಅದು ಪ್ರಕಟವಾಯಿತು. ಮಿಲ್ಲಿನಲ್ಲಿ ಮೊಳೆ ತೆಗೆಯುವುದಕ್ಕೂ ಅದಕ್ಕೂ ತತ್ವದಲ್ಲಿ ಭೇದವಿಲ್ಲ: ಬೇಡದ್ದನ್ನು ಹಿಡಿದು ಬೇಕಾದ್ದನ್ನು ಬಿಡುವುದು.

ಬೇಕಾದ್ದನ್ನೇ ಹಿಡಿಯಬೇಕಾದರೆ ಕಷ್ಟ ಬೇರೆ. ಕೋಶವನ್ನು ತೆಂಗಿನಕಾಯಿ ಎಂದುಕೊಂಡರೆ ಆ ಗೋಲಿ ಮೋಸಂಬಿಯಷ್ಟು. ಅಂಥ ನಾಲ್ಕಾರು ಗಂಟುಬಿದ್ದ ಕೋಶ ಆಮೇಲೆ ಹೇಗೆ ಬದುಕಬೇಕು, ಹೇಗೆ ಕೆಲಸ ಮಾಡಬೇಕು? ಗೋಲಿ ಚಿಕ್ಕದಾಗಬೇಕು. ಆದರೆ ಗೋಲಿ ಚಿಕ್ಕದಾದರೆ ಸೆಳೆತವೂ ಬಡವಾಗುತ್ತದೆ, ಮತ್ತೆ ರಸ್ತೆ ಬದಿಯ ಹೆಂಟೆಯ ಸ್ಥಿತಿ.

ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ತಳಿವಿಜ್ಞಾನ ಸಂಸ್ಥೆಯಲ್ಲಿ ಆಂಡ್ರಿಯಾಸ್ ರಾಡ್‌ಬ್ರೂಖ್ ಬಿ ಕೋಶಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಅವನಿಗೆ ಬೇಕಾದ ಕೋಶಗಳು ಬಲು ವಿರಳ. ಅವುಗಳನ್ನು ಲೇಸರ್ ಬೆಳಕಿನಲ್ಲಿ ಒಂದೊಂದಾಗಿ ನೋಡಿ ವಿಂಗಡಿಸುವ ಯಂತ್ರ ಇತ್ತು, ಆದರೆ ಸೆಕೆಂಡಿಗೆ ಕೆಲವು ಸಾವಿರವಷ್ಟೇ. ಸೆಕೆಂಡಿಗೆ 5,000 ಎಂದರೂ 100 ಕೋಟಿ ಕೋಶ ಮುಗಿಯಲು ಎರಡು ಹಗಲು ಎರಡು ರಾತ್ರಿ ಸಾಲದು. ಅಷ್ಟರಲ್ಲಿ ಕೋಶಗಳೇ ಸೊರಗಿರುತ್ತವೆ. ಭೌತಶಾಸ್ತ್ರ ಓದಿದ ಸ್ಟೆಫಾನ್ ಮಿಲ್ಟೆನಿ ಅಲ್ಲಿಗೆ ಬಂದ. ವೆರ್ನರ್ ಮ್ಯುಲರ್, ವಾಲ್ಟರ್ ವೈಖೆಲ್ ಸೇರಿ ನಾಲ್ವರು ಬರೆದ ಪ್ರಬಂಧ 1990ರಲ್ಲಿ ಸೈಟೋಮೆಟ್ರಿ ಪತ್ರಿಕೆಯಲ್ಲಿ ಬಂತು. ಅವರು ಬಳಸಿದ ಕಣ 100 ನ್ಯಾನೋಮೀಟರ್ ಆಸುಪಾಸಿನದು. ತೆಂಗಿನಕಾಯಿಯ ಲೆಕ್ಕದಲ್ಲಿ ಅದು ಸಾಸಿವೆ ಕಾಳು. ಇಷ್ಟು ಸಣ್ಣ ಕಬ್ಬಿಣ ಕಟ್ಟಿಕೊಂಡ ಕೋಶವನ್ನು ಹಿಡಿಯುವುದು ಹೇಗೆ? ಜಾರ್ಜಿಯಾದ ಮಣ್ಣಿಗೆ, ಹೆಮಟೈಟಿಗೆ, ಸೌತಾಂಪ್ಟನ್ನಿನ ರಕ್ತಕ್ಕೆ ಒದಗಿದ್ದೇ ಇಲ್ಲೂ ಒದಗಿತು. ಬೆರಳು ಗಾತ್ರದ ಕೊಳವೆಯಲ್ಲಿ ಉಕ್ಕಿನ ನಾರು, ಸುತ್ತ ಸೂಜಿಗಲ್ಲು. 100 ಕೋಟಿಗೂ ಹೆಚ್ಚು ಕೋಶಗಳು ಸುಮಾರು 15 ನಿಮಿಷದಲ್ಲಿ ಹಾಯ್ದು, ಗುರುತು ಹೊತ್ತವು ನಾರಿಗೆ ನಿಂತವು, ಗುರುತಿಲ್ಲದವು ಹರಿದುಹೋದವು.

ಮೇಸ್ತ್ರಿಯ ಅಂಗೈಯಲ್ಲಿ ಮೊಳೆಗಳು ಜೋತಾಡುತ್ತಿದ್ದವಲ್ಲ, ಆ ತೊಂದರೆ ಇಲ್ಲೂ ಕಾಡಬೇಕಿತ್ತು. ಸೂಜಿಗಲ್ಲು ತೆಗೆದ ಮೇಲೂ ಕಣಗಳು ಸೂಜಿಗಲ್ಲಾಗಿಯೇ ಉಳಿದರೆ ಕೋಶಗಳು ಉಂಡೆಗಟ್ಟುತ್ತವೆ. ಆದರೆ ಕಬ್ಬಿಣದ ಆಕ್ಸೈಡಿನ ಹರಳು ಹತ್ತು ನ್ಯಾನೋಮೀಟರಿನಷ್ಟು ಚಿಕ್ಕದಾದಾಗ ಅದರ ನೆನಪು ಅಳಿಯುತ್ತದೆ. ಹೊರಗೆ ಸೂಜಿಗಲ್ಲು ಇರುವ ತನಕ ಅದೂ ಸೂಜಿಗಲ್ಲು. ತೆಗೆದ ಮರುಗಳಿಗೆ, ಕೋಣೆಯ ಶಾಖವೇ ಅದರ ಕಾಂತದಿಕ್ಕನ್ನು ಅತ್ತಿತ್ತ ಕೆಡವಿ, ಏನೂ ಆಗದಂತೆ ಮಾಡಿಬಿಡುತ್ತದೆ. ಫ್ರಾನ್ಸಿನ ಲೂಯಿ ನೇಲ್ 1949ರಲ್ಲಿ ಈ ಗುಣವನ್ನು ವಿವರಿಸಿದ್ದು ಹಳೆಯ ಸುಟ್ಟ ಮಣ್ಣಿನ ಪಾತ್ರೆಗಳು ಭೂಮಿಯ ಕಾಂತವನ್ನು ಹೇಗೆ ನೆನಪಿಡುತ್ತವೆ ಎಂಬ ಪ್ರಶ್ನೆಯ ಬೆನ್ನು ಹತ್ತಿ. ಕುಂಬಾರನ ಒಲೆಯ ಪ್ರಶ್ನೆಗೆ ಸಿಕ್ಕ ಉತ್ತರ ರಕ್ತಕಣದ ಸಂಕಟ ಬಿಡಿಸಿತು.

ಕಲೋನ್ ಗುಂಪು ಇನ್ನೊಂದನ್ನೂ ಪರೀಕ್ಷಿಸಿತ್ತು. ಸೂಜಿಗಲ್ಲಿನ ನಡುವೆ ನಿಂತು ಬಂದ ಕೋಶಗಳು ಬದುಕಿದ್ದವೇ, ವೃದ್ಧಿಯಾಗುತ್ತವೆಯೇ? ಬದುಕಿದ್ದವು, ವೃದ್ಧಿಯಾದವು. ಸೂಜಿಗಲ್ಲು ರೋಗನಿರೋಧಕ ಕೋಶವನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಇನ್ನೊಂದಿಲ್ಲ. ತನ್ನಷ್ಟಕ್ಕೆ ತಾನು ಅದು ಕೋಶಕ್ಕೆ ಬಲ ಕೊಡಲೂ ಇಲ್ಲ, ಬಲ ಕಸಿಯಲೂ ಇಲ್ಲ. ಹಿಡಿಯಿತು, ಬಿಟ್ಟಿತು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕುರುಗೋಡಿನ ಅದೇ ಸೋದರಮಾವ, ಈಗ ಎಂಬತ್ತರ ಹತ್ತಿರ, ಕೈಗೆ ಮ್ಯಾಗ್ನೆಟ್ ಕಡಗ ಹಾಕಿಕೊಂಡಿದ್ದಾರೆ. ರಕ್ತದ ಕಬ್ಬಿಣವನ್ನು ಅದು ಎಳೆದು ಹರಿದಾಡಿಸುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಮಾರಿದವರು ಹೇಳಿದ್ದಾರಂತೆ. ಮಾವನ ಪಕ್ಕ ಕೂತು ಪಾಲಿಂಗ್ ತೂಗಿದ ಕತೆ ಹೇಳಿದೆ. ಆಮ್ಲಜನಕ ಹೊತ್ತ ರಕ್ತವನ್ನು ಸೂಜಿಗಲ್ಲು ದೂಡುತ್ತದೆ ಮಾವ, ಎಳೆಯುವುದಿಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತಕ್ಷೇತ್ರ ಸಾಮಾನ್ಯವಾಗಿ 1.5 ಟೆಸ್ಲಾ, ಭೂಮಿಯದಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಮಲಗಿ ಎದ್ದವರ ರಕ್ತ ಎಂದಿನಂತೆಯೇ ಹರಿಯುತ್ತದೆ. 1997ರಲ್ಲಿ ನೆದರ್ಲೆಂಡ್ಸಿನ ನೈಮೇಗನ್‌ನಲ್ಲಿ ಆಂಡ್ರೆ ಗೀಮ್ ಮತ್ತು ಸಂಗಡಿಗರು 16 ಟೆಸ್ಲಾದಷ್ಟು ಕಾಂತಕ್ಷೇತ್ರದಲ್ಲಿ ಕಪ್ಪೆಯೊಂದನ್ನು ಗಾಳಿಯಲ್ಲಿ ತೇಲಿಸಿದರು. ಫ್ಯಾರಡೆಯ ಆ ಮೆಲುದೂಡುವಿಕೆಯೇ ಅಷ್ಟು ಬಲವಾದಾಗ ಕಪ್ಪೆಯ ಭಾರ ಹೊತ್ತಿತು. ಕಪ್ಪೆಗೆ ಏನೂ ಆಗಲಿಲ್ಲ. ಮಾವ ಎಲ್ಲ ಕೇಳಿ ಕಡಗ ತೆಗೆದು ನೋಡಿ ಮತ್ತೆ ಹಾಕಿಕೊಂಡರು. ಬಿಪಿ ಮಾತ್ರೆ ಮಾತ್ರ ಬಿಡುವುದಿಲ್ಲ ಎಂದು ನನ್ನ ಕೈ ಹಿಡಿದು ಮಾತು ಕೊಟ್ಟರು. ನನಗೆ ಬೇಕಾಗಿದ್ದದ್ದು ಅದೇ.

ಕೋಶ ಮತ್ತು ಸೂಜಿಗಲ್ಲಿನ ನಡುವೆ ಬೇರೆ ಮಾತುಕತೆಯೇ ಇಲ್ಲ ಎಂದು ಇದರಿಂದ ಅರ್ಥಮಾಡಿಕೊಳ್ಳಬಾರದು. 2021ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ನೊಬೊರು ಇಕೆಯಾ ಮತ್ತು ಜೊನಾಥನ್ ವುಡ್‌ವರ್ಡ್ ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಕೋಶಗಳ ಮೇಲೆ ನೀಲಿ ಬೆಳಕು ಬಿಟ್ಟು, ಅವು ಸೂಸುವ ಮಂದ ಹೊಳಪನ್ನು ನೋಡುತ್ತಿದ್ದರು. ಹತ್ತಿರದಲ್ಲಿ ಸೂಜಿಗಲ್ಲಿನ ಕ್ಷೇತ್ರ ಹಾಯ್ದಾಗಲೆಲ್ಲ ಹೊಳಪು ತುಸು ಕುಗ್ಗುತ್ತಿತ್ತು. ಒಂಟಿ ಎಲೆಕ್ಟ್ರಾನ್‌ಗಳ ಜೋಡಿಗಳು ಕಾಂತಕ್ಷೇತ್ರಕ್ಕೆ ಸ್ಪಂದಿಸಿದ ಗುರುತು ಅದು. ಹಕ್ಕಿಗಳು ಭೂಮಿಯ ಕಾಂತವನ್ನು ಅರಿಯುವುದೂ ಇಂಥ ಜೋಡಿಗಳಿಂದಲೇ ಇರಬೇಕೆಂದು ಹಲವರು ಭಾವಿಸುತ್ತಾರೆ. ಆ ಕೋಶಗಳು ಬಿಳಿಕಣಗಳಲ್ಲ. ಬಿಳಿಕಣಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಒಂದರ ಫಲ ಇನ್ನೊಂದಕ್ಕೆ ಹೊಂದುವುದಿಲ್ಲ. ಆ ಕತೆ ಇನ್ನೂ ಬೆಳೆಯುತ್ತಿದೆ. ಕಡಗದ ವ್ಯಾಪಾರಕ್ಕೆ ಮಾತ್ರ ಅದರಲ್ಲಿ ಆಧಾರವಿಲ್ಲ.

ಕಲೋನಿನ ನಾರು ಈಗ ಕರ್ನಾಟಕದ ಬಾಗಿಲಿಗೂ ಬಂದು ನಿಂತಿದೆ. ರೋಗಿಯದೇ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಗುರುತಿಸುವ ಹೊಸ ಜೀನ್ ಸೇರಿಸಿ, ಬೆಳೆಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಗೆ ಮೊದಲು ಬೇಕಾಗುವುದು ಶುದ್ಧವಾದ ಟಿ ಕೋಶ. ಸ್ಪೇನಿನ ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್ ತನ್ನ ಚಿಕಿತ್ಸೆಗೆ ಸಿಡಿ4, ಸಿಡಿ8 ಎಂಬ ಗುರುತಿನ ಕೋಶಗಳನ್ನು ಹೆಕ್ಕಿದ್ದು ಮಿಲ್ಟೆನಿಯ ಹೆಸರಿನ ಕಂಪನಿಯ ಮುಚ್ಚಿದ ಯಂತ್ರದೊಳಗೆ, ಇದೇ ಕಾಂತಕಣಗಳಿಂದ. ಆ ಚಿಕಿತ್ಸೆಯ ಪರವಾನಗಿ ಪಡೆದು ಭಾರತಕ್ಕೆ ತಂದದ್ದು ಬೆಂಗಳೂರಿನ ಬೊಮ್ಮಸಂದ್ರದ ಇಮ್ಯುನೀಲ್. ಕಿರಣ್ ಮಜುಂದಾರ್ ಷಾ, ವೈದ್ಯ-ಲೇಖಕ ಸಿದ್ಧಾರ್ಥ ಮುಖರ್ಜಿ, ಕುಶ್ ಪರ್ಮಾರ್ ಸೇರಿ ಕಟ್ಟಿದ ಸಂಸ್ಥೆ. 2025ರ ಜನವರಿಯಲ್ಲಿ ಕ್ವಾರ್ಟೆಮಿ ಎಂಬ ಹೆಸರಿನಲ್ಲಿ ಅದು ರೋಗಿಗಳಿಗೆ ತೆರೆಯಿತು. ಅದಕ್ಕೂ ಮುಂಚೆ, 2023ರ ಅಕ್ಟೋಬರಿನಲ್ಲಿ, ಮುಂಬೈನ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ರೂಪಿಸಿದ ನೆಕ್ಸ್‌ಕಾರ್19ಕ್ಕೆ ದೇಶದ ಮೊದಲ ಅನುಮತಿ ಸಿಕ್ಕಿತ್ತು. ಬೆಲೆ ಇನ್ನೂ ಲಕ್ಷಗಳಲ್ಲಿದೆ. ಸಿರುಗುಪ್ಪದಿಂದ ಬೊಮ್ಮಸಂದ್ರಕ್ಕೆ ರಾತ್ರಿ ಬಸ್ಸಿನ ದೂರ, ಆದರೆ ಗದ್ದೆ ಮಾಡುವವನ ಮನೆಗೆ ಆ ಚಿಕಿತ್ಸೆ ಇನ್ನೂ ಎಷ್ಟೋ ದೂರ. ಆ ದೂರ ಕಡಿಮೆಯಾಗಬೇಕು. ಅದನ್ನು ಸರಕಾರವೂ ಸಂಶೋಧಕರೂ ತಮ್ಮ ಕೆಲಸ ಎಂದುಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಆ ನಾರಿನ ಕೆಲಸವನ್ನು ಕಣ್ಣಾರೆ ಕಂಡೆ. ಹಸಿರು ನಿಲುವಂಗಿಯ ಹುಡುಗಿ, ಬಳ್ಳಾರಿ ಕಡೆಯವಳೇ, ಕೊಳವೆಯನ್ನು ಸೂಜಿಗಲ್ಲಿನ ಕಚ್ಚಿನಲ್ಲಿ ಸಿಕ್ಕಿಸಿದಳು. ಮಬ್ಬಾದ ದ್ರವವನ್ನು ಮೇಲಿಂದ ಬಿಟ್ಟಳು. ಕೆಳಗಿನ ಬಾಟಲಿಗೆ ಹನಿಹನಿಯಾಗಿ ಇಳಿಯಿತು. ಮೂರು ಸಲ ತೊಳೆದಳು. "ಈಗ ಒಳಗಿರೋವು ಟಿ ಸೆಲ್ ಮಾತ್ರ ಸಾರ್" ಎಂದಳು. ಆಮೇಲೆ ಕೊಳವೆಯನ್ನು ಸೂಜಿಗಲ್ಲಿನಿಂದ ಕಳಚಿ, ಹೊಸ ಟ್ಯೂಬಿನ ಮೇಲೆ ಹಿಡಿದು, ಸ್ವಲ್ಪ ದ್ರವ ಹಾಕಿ, ಮೇಲಿಂದ ಹೆಬ್ಬೆರಳಲ್ಲಿ ಅದುಮಿದಳು. ಟ್ಯೂಬಿನ ತಳದಲ್ಲಿ ಅಕ್ಕಿ ತೊಳೆದ ನೀರಿನಂಥ ತೆಳು ಬಿಳುಪು ಬಂದು ನಿಂತಿತು. ಅವಳು ಅದನ್ನು ಬೆಳಕಿಗೆ ಹಿಡಿದು, ಮುಚ್ಚಳ ಹಾಕಿ, ಐಸಿನ ಮೇಲಿಟ್ಟಳು.